ಇಲ್ಲದ ವಾಚನಾಲಯವನ್ನು ಹುಡುಕಿಕೊಂಡು

ಧಾರವಾಡದಿಂದ ವಿಜಯಪುರದ ಬಸ್ಸು ಹೊರಟಾಗ ಇನ್ನೂ ಚಳಿ ಇತ್ತು. ಸಂಕ್ರಾಂತಿ ಕಳೆದು ಕೆಲವೇ ದಿನವಾಗಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ ಕೈಗಿಟ್ಟು, "ವಿಜಾಪುರದಾಗ ಯಾರ ಮನಿಗ್ರೀ ಅಮ್ಮಾರ?" ಎಂದ.

"ಯಾರ ಮನಿಗೂ ಅಲ್ಲಪಾ. ಒಂದು ವಾಚನಾಲಯ ಐತೋ ಇಲ್ಲೋ ನೋಡಾಕ ಹೊಂಟೇನಿ" ಎಂದೆ.

ಅವನು ನನ್ನ ಮುಖವನ್ನೊಮ್ಮೆ, ಟಿಕೆಟನ್ನೊಮ್ಮೆ ನೋಡಿದ. "ಫ್ರೀ ಆದಮ್ಯಾಲ ಮಂದಿ ಏನೇನ್ ನೋಡಾಕ ಹೊಂಟಾರಪಾ" ಎನ್ನುತ್ತ ಹಿಂದಿನ ಸೀಟಿಗೆ ಹೋದ. ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ಅವನಿಗೆ ಬಸ್ಸಿನಲ್ಲಿ ಬಿಡಿಸಿ ಹೇಳಲಾಗದ್ದನ್ನು ನಿಮಗೆ ಹೇಳಿಯೇ ಮುಂದೆ ಹೋಗಬೇಕು.

ನಾನು ಓದಿದ ಕಾನ್ವೆಂಟಿನ ಲೈಬ್ರರಿಯಲ್ಲಿ, ಗಾಜಿನ ಬೀರುವಿನೊಳಗೆ, ಬೆನ್ನಿಗೆ ಚಿನ್ನದ ಅಕ್ಷರವಿದ್ದ ಎನ್‌ಸೈಕ್ಲೋಪೀಡಿಯಾ ಸಂಪುಟಗಳಿದ್ದವು. ಕೀಲಿಕೈ ಸಿಸ್ಟರ್ ಆಗ್ನೆಸ್ ಹತ್ತಿರ. ಕೈ ತೊಳೆದು, ಒರೆಸಿಕೊಂಡು, ಎರಡೂ ಅಂಗೈ ಚಾಚಿ ತೋರಿಸಿದರೆ ಮಾತ್ರ ಒಂದು ಸಂಪುಟ ಮೇಜಿಗೆ ಬರುತ್ತಿತ್ತು. ಅಪ್ಪನಿಗೆ ಆಗ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನೌಕರಿ. ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋದ ಮೊದಲ ವಾರದಲ್ಲೇ ನಾನು ಆ ಸಂಪುಟದಲ್ಲಿ ಇಂಡಿ ಹುಡುಕಿದೆ. ಇಂಡಿಯಾ ಸಿಕ್ಕಿತು, ಪುಟಗಟ್ಟಲೆ. ಅಪ್ಪ ಅಮ್ಮ ಇದ್ದ ಇಂಡಿ ಇರಲಿಲ್ಲ. "ಇಟ್ ಈಸ್ ಟೂ ಸ್ಮಾಲ್, ಚೈಲ್ಡ್" ಎಂದು ಸಿಸ್ಟರ್ ಸಂಪುಟ ಮುಚ್ಚಿ ಒಳಗಿಟ್ಟರು.

ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವಿದೆ. ಕನ್ನಡದಲ್ಲೂ ಇದೆ. ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಬರುವುದಿಲ್ಲ. ನಾನು ಬರೆದ ವಾಕ್ಯವನ್ನು ನೀವು ತಿದ್ದಬಹುದು, ನೀವು ತಿದ್ದಿದ್ದನ್ನು ಮೂರನೆಯವರು ಅಳಿಸಬಹುದು. ಯಾರು ಯಾವಾಗ ಏನು ಮಾಡಿದರು, ಯಾಕೆ ಮಾಡಿದರು ಎಂಬುದು ಮಾತ್ರ ಪುಟದ 'ಇತಿಹಾಸ'ದಲ್ಲಿ ಉಳಿದಿರುತ್ತದೆ. ನಾನು ಇಂಗ್ಲಿಷ್ ಅಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ, ಒಂದು ಭಾನುವಾರ ಕಾಲೇಜೊಂದರಲ್ಲಿ ಇದನ್ನು ಹೇಳಿಕೊಟ್ಟರು. ಹೋಪ್‌ಲೆಸ್ ಐಡಿಯಾ ಎಂದುಕೊಂಡೆ. ಮನೆಗೆ ಬಂದವಳೇ ಕೈ ಸಹ ತೊಳೆಯದೆ ಇಂಡಿಯ ಪುಟ ತೆರೆದು ಒಂದು ಕಾಮಾ ಸರಿಮಾಡಿದೆ. ಅಂದಿನಿಂದ ಬಿಟ್ಟಿಲ್ಲ. ಅಲ್ಲಿ ನನ್ನ ಹೆಸರು 'ಹಳೇಚಷ್ಮಾ'.

ಅಲ್ಲಿ ನನಗೆ ಮೊದಲು ನಮಸ್ಕಾರ ಹೇಳಿದವರು 'ಎರಿಮಣ್ಣು'. ವಿಜಯಪುರದ ಕಡೆಯ ಕಪ್ಪು ನೆಲದ ಹೆಸರನ್ನೇ ಇಟ್ಟುಕೊಂಡ ಈ ಮನುಷ್ಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿ ಹಳ್ಳಿಗೂ ಒಬ್ಬರೇ ಕುಳಿತು ಪುಟ ತೆರೆದಿದ್ದರು. ನಾವೆಲ್ಲ ಬೆರಗಾಗಿದ್ದೆವು. ಈಚೆಗೆ 'ಗರಗಸ' ಎಂಬ ಸದಸ್ಯರು ಆ ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. ಇವರು ಮೈಸೂರಿನ ಲೆಕ್ಕಪರಿಶೋಧಕರು. ನಮ್ಮಲ್ಲಿ ಪುಟ ಅಳಿಸುವ ಅಧಿಕಾರ ಇರುವ ಕೆಲವರಲ್ಲಿ ಒಬ್ಬರು. ಓದಿದರೆ ಎಲ್ಲ ಪುಟಗಳೂ ಒಂದೇ: 'ಊರ ನಡುವೆ ಬೇವಿನ ಕಟ್ಟೆ ಇದೆ. ಎರಡು ಬಾವಿಗಳಿವೆ, ಒಂದರ ನೀರು ಸಿಹಿ, ಇನ್ನೊಂದರದು ಸವಳು. ಜೋಳ ಮುಖ್ಯ ಬೆಳೆ. ಸಂಜೆ ಜನರು ಊರಿನ ವಾಚನಾಲಯದಲ್ಲಿ ಸೇರಿ ಪತ್ರಿಕೆ ಓದುತ್ತಾರೆ.' ಊರಿನ ಹೆಸರು ಮಾತ್ರ ಬೇರೆ ಬೇರೆ.

ನಮ್ಮ ಬಳಗ ಕೂಡಿ ಮಾತಾಡುವ ಪುಟಕ್ಕೆ ಅರಳಿಕಟ್ಟೆ ಎಂದು ಹೆಸರು. ಅಲ್ಲಿ ಗರಗಸರು, "ಇವೆಲ್ಲ ಪುಟಗಳಲ್ಲ, ಮುದ್ರೆ ಒತ್ತಿದ್ದು. ಅಳಿಸೋಣ" ಎಂದರು. ಎರಿಮಣ್ಣು ಒಂದೇ ಸಾಲಿನಲ್ಲಿ, "ಅಳಿಸಿರಿ. ನನ್ನ ಹೆಸರನ್ನೂ ಅಳಿಸಿರಿ" ಎಂದು ಬರೆದು ಸುಮ್ಮನಾದರು. ಮತ್ತೆ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಾನು ತಾಲೂಕಿಗೊಂದು ಊರು ನೋಡಿ ಬರುತ್ತೇನೆ. ಅಷ್ಟನ್ನು ಸರಿಮಾಡಲು ಆದರೆ ಉಳಿದದ್ದೂ ಆಗುತ್ತದೆ. ಅಲ್ಲಿಯವರೆಗೆ ಕೈ ಹಚ್ಚಬೇಡಿ" ಎಂದು ಬರೆದೆ. "ಕಣ್ಣಾರೆ ಕಂಡದ್ದು ನಮ್ಮಲ್ಲಿ ಆಧಾರವಾಗುವುದಿಲ್ಲ, ಅಮ್ಮಾ. ನಿಯಮ ನಿಮಗೂ ಗೊತ್ತು" ಎಂದರು ಗರಗಸ. ಗೊತ್ತು. ಆದರೆ ಫೋಟೋ ಹಾಕಬಹುದು. ಮತ್ತೆ, ಸೇರಿಸಲು ಆಧಾರ ಬೇಕೇ ಹೊರತು ಆಧಾರವಿಲ್ಲದ್ದನ್ನು ತೆಗೆಯಲು ಬೇಡ. ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು.

ಪುಟ ಹೋದರೆ ಇನ್ನೊಬ್ಬರು ಎಂದಾದರೂ ಬರೆದಾರು. ಎರಿಮಣ್ಣು ಹೋದರೆ, ಆ ಊರುಗಳ ಹೆಸರನ್ನು ನೆನಪಿನಿಂದ ಒಂದೊಂದಾಗಿ ಹೇಳಬಲ್ಲವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಫೋನ್ ನಂಬರ್ ನನ್ನಲ್ಲಿತ್ತು. ಬರುತ್ತೇನೆ ಎಂದು ಸಂದೇಶ ಕಳಿಸಿದ್ದಕ್ಕೆ, "ಬಾಗೇವಾಡಿಗೆ ಬರ್ರಿ, ಚಾ ಕುಡ್ಯೂಣು. ಆ ವಿಷಯ ಬ್ಯಾಡ" ಎಂದು ಉತ್ತರ ಬಂದಿತ್ತು.

ವಿಜಯಪುರದಲ್ಲಿ ಲಾಡ್ಜಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಇಂಡಿಯ ಬಸ್ಸು ಹತ್ತಿದೆ. ಹೊರಗೆ ಕಣ್ಣು ಹಾಯುವವರೆಗೆ ಬಿಳಿಜೋಳದ ತೆನೆ. ಇಂಡಿಯಲ್ಲಿ ಇಳಿದವಳೇ ನಾವು ಬಾಡಿಗೆಗಿದ್ದ ಮನೆ ಹುಡುಕಿದೆ. ಅಲ್ಲೀಗ ಟೈರ್ ಅಂಗಡಿ. ಅಮ್ಮನ ತುಳಸಿಕಟ್ಟೆ ಇದ್ದ ಜಾಗ ಇದೇ ಇರಬೇಕು ಎನಿಸಿದಲ್ಲಿ ಒಬ್ಬ ಪಂಕ್ಚರ್ ಹಾಕುತ್ತ ಕುಳಿತಿದ್ದ. "ಏನ್ ಬೇಕ್ರಿ ಅಮ್ಮಾರ?" ಎಂದ. "ಏನಿಲ್ಲಪಾ, ಸುಮ್ನ" ಎಂದು ಮುಂದೆ ನಡೆದೆ. ಇಂಥ ಕಡೆ ಹೆಚ್ಚು ಹೊತ್ತು ನಿಲ್ಲಬಾರದು ನೋಡಿ, ನಾಟ್ ಅಟ್ ಮೈ ಏಜ್.

ನಿಂಬೆ ಮಾರುಕಟ್ಟೆಯಲ್ಲಿ ಚೀಲಗಳ ನಡುವೆ ಕಸ್ತೂರಿಬಾಯಿ ಸಿಕ್ಕರು. ನಾನು ನೋಡಬೇಕೆಂದು ಆರಿಸಿಕೊಂಡಿದ್ದ ಊರಿನವರೇ. ನಿಂಬೆ ಮಾರಿ ಹಣಕ್ಕಾಗಿ ಕಾಯುತ್ತಿದ್ದರು. ಅವರ ಊರಿನ ಪುಟವನ್ನು ಫೋನಿನಲ್ಲಿ ಓದಿ ಹೇಳಿದೆ. 'ಜೋಳ ಮುಖ್ಯ ಬೆಳೆ' ಎನ್ನುವವರೆಗೆ ಸಮಾಧಾನದಿಂದ ಕೇಳಿದರು.

"ಎಲ್ಲಿ ಜ್ವಾಳ? ಇಂಡ್ಯಾಗ ಕುಂತು ನಿಂಬಿ ಬಿಟ್ಟ ಬರದಾನಲ್ರೀ, ಯಾವಾಂವ ಇವ? ಕಣ್ಣ ಕಾಣ್ತಾವೋ ಇಲ್ಲೋ?"

"ಇಂಡ್ಯಾಗ ಕುಂತಿಲ್ರಿ, ಬಾಗೇವಾಡ್ಯಾಗ ಕುಂತು ಬರದಾರ."

"ಹಂಗಂದ್ರ ಸೈ ಬಿಡ್ರಿ. ಬಾಗೇವಾಡಿ ಮಂದಿಗೆ ನಿಂಬಿ ಏನ್ ಗೊತ್ತು?" ಎಂದವರೇ ನನ್ನ ಚೀಲ ತಾವೇ ಎತ್ತಿಕೊಂಡು ಟಂಟಂ ರಿಕ್ಷಾ ಹತ್ತಿಸಿದರು. ಇಬ್ಬರ ಬಾಡಿಗೆಯನ್ನೂ ತಾವೇ ಕೊಟ್ಟರು.

ಊರು ತಲುಪುವ ಮೊದಲೇ ನಿಂಬೆ ತೋಟಗಳ ಹುಳಿ ವಾಸನೆ ಬಂತು. ಬೇವಿನ ಕಟ್ಟೆ ಇತ್ತು, ಒಂದು ಬಾವಿ ಇತ್ತು, ವಾಚನಾಲಯ ಇರಲಿಲ್ಲ. ಅವರ ಮನೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡೆ. ಉಪ್ಪಿನಕಾಯಿ ಯಾವುದೆಂದು ಹೇಳಬೇಕಿಲ್ಲ. ತಮ್ಮ ಫೋಟೋ ಬೇಡವೆಂದರು. ಗಿಡಗಳದ್ದು ಮಾತ್ರ ಚೆನ್ನಾಗಿ ಬರಬೇಕೆಂದು ಎರಡು ಸಲ ತೆಗೆಸಿದರು.

"ಇದ್ರಾಗ ನನ್ನ ಹೆಸರ ಬರ್ತೈತೇನ್ರಿ?"

"ಇಲ್ರಿ. ನನ್ನ ಹೆಸರೂ ಬರೂದಿಲ್ಲ."

"ಮತ್ತ್ಯಾಕ ಈ ವಯಸ್ಸಿನಾಗ ತಿರಗ್ಯಾಡಾಕತ್ತೀರಿ?"

ಸಂಜೆ ಸಿಂದಗಿಯ ಬಸ್ಸಿನಲ್ಲಿ ಕುಳಿತು ಆ ಪುಟದಿಂದ ಮೂರು ಸುಳ್ಳು ತೆಗೆದು, ನಿಂಬೆ ತೋಟದ ಚಿತ್ರ ಹಾಕಿದೆ.

ಸಿಂದಗಿ ಪೇಟೆಯಲ್ಲಿ ತೊಗರಿ ಬರುವ ಕಾಲ. ಮಾರುಕಟ್ಟೆಯ ಹೊರಗೆ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ನಿಂತಿತ್ತು. ಕಬ್ಬಿನ ಗಾಡಿಗಳು ನಡುವೆ ತೂರಿಕೊಳ್ಳುತ್ತಿದ್ದವು. ಖಾನಾವಳಿಯಲ್ಲಿ ಎಣ್ಣೆಗಾಯಿ ಖಾರವಾಗಿತ್ತು, ರಾತ್ರಿಯೆಲ್ಲ ನೀರು ಕುಡಿದೆ. ಮರುದಿನ, ಆ ತಾಲೂಕಿನಲ್ಲಿ ನಾನು ಆರಿಸಿಕೊಂಡಿದ್ದ ಕನ್ನೊಳ್ಳಿಗೆ ಹೋದೆ. ಹೊಲದ ಬದುವಿನಲ್ಲಿ ಹಾಲುಗಾಳು ಜೋಳದ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದವರು ಕೈತುಂಬ ಕೊಟ್ಟರು. ಜೋಳದ ವಾಕ್ಯ ಇಲ್ಲಾದರೂ ನಿಜವಾಯಿತಲ್ಲ ಎಂದು ಅದನ್ನು ತಿನ್ನುತ್ತ ಊರೊಳಗೆ ನಡೆದೆ.

ಕಟ್ಟೆಯ ಮೇಲೆ ಕುಳಿತವರಿಗೆ ಪುಟ ಓದಿ ಹೇಳಿದೆ. ಜೋಡಿ ಬಾವಿಯ ಮಾತು ಬಂದಾಗ ಒಬ್ಬ ಹಿರಿಯರು, "ಸಿಹಿ ಒಂದು ಸವಳೊಂದು? ನಮಗ ತೋರಸ್ರಿ ಅಮ್ಮಾರ, ನಾಳಿಂದ ನೀರಿಗೆ ಅಲ್ಲೇ ಹೋಗ್ತೇವಿ" ಎಂದರು. ಹಾಗಾದರೆ ಊರಿನ ಬಗ್ಗೆ ಏನು ಬರೆಯಬೇಕು ಎಂದು ಕೇಳಿದ್ದೇ ತಡ, ಜಗಳ ಹತ್ತಿತು. ಗುಡಿ ಮೊದಲು ಬರಬೇಕು ಎಂದರು ಒಬ್ಬರು, ಶಾಲೆ ಮೊದಲು ಎಂದರು ಇನ್ನೊಬ್ಬರು. "ನಿಮ್ಮ ಮನಿ ಮುಂದಿಂದೆಲ್ಲಾ ಮೊದಲ ಬರಬೇಕೇನು?" ಎಂದು ಮೂರನೆಯವರು ಎದ್ದು ನಿಂತರು. ನನಗೋ ಒಳಗೊಳಗೇ ಸಂತೋಷ. ನಮ್ಮ ವಿಶ್ವಕೋಶದ ಪ್ರತಿ ಲೇಖನದ ಬೆನ್ನಿಗೂ ಒಂದು ಚರ್ಚಾಪುಟ ಇರುತ್ತದೆ; ಅಲ್ಲಿ ನಡೆಯುವುದೂ ಇದೇ. ಇಲ್ಲಿ ಮುಖ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಅಂಗನವಾಡಿಯ ಮಹಾದೇವಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. "ಇದನ್ನ ಯಾರ ತಿದ್ದಬೇಕ್ರಿ?" ಎಂದರು.

"ನೀವ ತಿದ್ದಬಹುದು. ನಿಮ್ಮ ಫೋನಿನಾಗ."

"ಯಾರನ್ನೂ ಕೇಳಬೇಕಾಗಿಲ್ಲೇನ್ರಿ? ಮ್ಯಾಲಿನವ್ರನ್ನ?"

"ಯಾರನ್ನೂ ಕೇಳಬೇಕಾಗಿಲ್ಲ."

ಅವರು ನಂಬಲಿಲ್ಲ. ನಾನು ತೋರಿಸಿದಲ್ಲಿ ಒತ್ತಿ, ಬಾವಿಯ ವಾಕ್ಯ ಅಳಿಸಿ, 'ಪ್ರಕಟಿಸಿ' ಎಂಬಲ್ಲಿ ಬೆರಳಿಟ್ಟು ನನ್ನತ್ತ ನೋಡಿದರು. ಒತ್ತಿದರು. ಬಾವಿಗಳು ಹೋದವು. ಕಟ್ಟೆಯ ಮೇಲಿನವರೆಲ್ಲ ಒಬ್ಬರಾದ ಮೇಲೊಬ್ಬರು ಫೋನು ಇಸಿದುಕೊಂಡು ನೋಡಿದರು. ಫೋನು ಸುತ್ತು ಹಾಕಿ ಮರಳಿ ಬರುವಷ್ಟರಲ್ಲಿ ಬಾವಿಗಳು ಮತ್ತೆ ಬಂದಿದ್ದವು! ಗರಗಸರು ಮೈಸೂರಿನಲ್ಲಿ ಎಚ್ಚರವಾಗಿಯೇ ಇದ್ದರು. 'ಹೊಸ ಸದಸ್ಯರು ಕಾರಣ ನೀಡದೆ ಮಾಹಿತಿ ತೆಗೆದಿದ್ದಾರೆ' ಎಂದು ಷರಾ ಬರೆದು ಹಳೆಯದನ್ನೇ ಮರಳಿಸಿದ್ದರು.

"ನಮ್ಮೂರಾಗ ಬಾವಿ ಐತಿ ಅಂತ ಮೈಸೂರಾಗ ಕುಂತಾಂವ ಹೇಳ್ತಾನಲ್ರೀ! ಬಂದು ಬಿಂದಗಿ ಇಳಿಬಿಡು ಅನ್ರಿ ಅವಗ" ಎಂದರು ಮಹಾದೇವಿ. ಕಟ್ಟೆ ಹೋ ಎಂದು ನಕ್ಕಿತು.

ನಾನು ಗರಗಸರಿಗೆ, "ಸ್ವಾಮಿ, ತೆಗೆದವರು ಆ ಊರಿನವರೇ. ನಾನು ಅವರ ಪಕ್ಕದಲ್ಲಿ ಕುಳಿತಿದ್ದೇನೆ" ಎಂದು ಬರೆದೆ. "ನನಗೆ ಇಲ್ಲಿಂದ ಹೇಗೆ ಗೊತ್ತಾಗಬೇಕು, ಅಮ್ಮಾ? ಕಾರಣದ ಜಾಗದಲ್ಲಿ ಕಾರಣ ಬರೆಯಲು ಹೇಳಿ" ಎಂದು ಉತ್ತರ ಬಂತು. ಅದೂ ನ್ಯಾಯವೇ. ಮಹಾದೇವಿ ಮತ್ತೆ ಬಾವಿ ಅಳಿಸಿದರು. ಕಾರಣದ ಜಾಗದಲ್ಲಿ, ಒಂದೊಂದೇ ಅಕ್ಷರ ಒತ್ತಿ, 'ನಾ ಇಲ್ಲೇ ಹುಟ್ಟೇನಿ' ಎಂದು ಬರೆದರು. ನಿಯಮದ ಪ್ರಕಾರ ಅದು ಆಧಾರವೇ ಅಲ್ಲ. ಗರಗಸರು ಮುಟ್ಟಲಿಲ್ಲ.

ಸಿಂದಗಿಯಿಂದ ತಾಳಿಕೋಟೆಯ ಮೇಲೆ ಹಾಯುವ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಹೋದೆ. ಬೆಳಿಗ್ಗೆ ಶಾಲು ಬೇಕಿತ್ತು; ಮಧ್ಯಾಹ್ನ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಆ ತಾಲೂಕಿನಲ್ಲಿ ನಾನು ನೋಡಿದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಅಲ್ಲಿನವರಿಗೆ ಮಾತು ಕೊಟ್ಟಿದ್ದೇನೆ.

ಊರ ಬಾಯಿಗಿದ್ದ ಕಿರಾಣಿ ಅಂಗಡಿಯಲ್ಲಿ, "ನಿಮ್ಮೂರ ವಾಚನಾಲಯ ಎಲ್ಲೈತ್ರಿ?" ಎಂದು ಕೇಳಿ, ನಗುವುದನ್ನು ಕಾಯುತ್ತ ನಿಂತೆ. ಅಂಗಡಿಯವ ಸಕ್ಕರೆ ಕಟ್ಟುತ್ತ ಗದ್ದ ಎತ್ತಿ ತೋರಿಸಿದ. "ಮುಂದ ಹೋಗಿ ಎಡಕ್ಕ ಹೊಳ್ರಿ." ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಎಡಕ್ಕೆ ಹೊರಳಿದೆ. ಅಲ್ಲಿ ವಾಚನಾಲಯ ಇತ್ತು.

ಮೊದಲು ಹಾಲಿನ ಡೇರಿಯಾಗಿದ್ದ ಒಂದು ಕೋಣೆ. ಬಾಗಿಲ ಮೇಲೆ ನೀಲಿ ಬಣ್ಣದ ಬೋರ್ಡು. ಒಳಗೆ ಎರಡು ಬೆಂಚು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಪತ್ರಿಕೆಗಳು. ಒಬ್ಬ ಮುದುಕರು ಪತ್ರಿಕೆಯನ್ನು ಮೂಗಿಗೆ ಹತ್ತಿರ ಹಿಡಿದು ಓದುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಪರೀಕ್ಷೆಗೆ ಏನೋ ಬರೆದುಕೊಳ್ಳುತ್ತಿದ್ದರು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಇಡೀ ಜಿಲ್ಲೆಗೆ ನಕಲು ಹೊಡೆದ ವಾಕ್ಯ ಇಲ್ಲಿ ಹೇಗೆ ನಿಜವಾಯಿತು?

ಬಿಡಿಸಿ ಹೇಳಿದವರು ನೀಲವ್ವ. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು. ಈಗ ವಾಚನಾಲಯದ ಕೀಲಿಕೈ ಅವರ ಸೊಂಟದಲ್ಲಿರುತ್ತದೆ.

"ಏನ್ ಹೇಳ್ಲಿ ಅಕ್ಕಾರ, ಸರ್ವೇ ಮಾಡಾಕ ಕಾಲೇಜಿನ ಹುಡಗ್ಯಾರು ಬಂದ್ರು, ನಿಮ್ಮೂರ ವಾಚನಾಲಯ ತೋರಸ್ರಿ ಅಂತ. ಐತಿ ಅಂತ ಯಾರ ಹೇಳ್ಯಾರ ಅಂದ್ರ, ಮೊಬೈಲ್‌ನಾಗ ಐತ್ರಿ ಅಂದ್ರು. ನಮ್ಮ ಗಂಡಸ್ರು ಇಲ್ಲ ಅಂತ ಅನಬಾರದಾ? ಮಾನ ಹೋಗತೈತಲ್ಲ! ಐತ್ರಿ, ಇವತ್ತ ಕೀಲಿ ಹಾಕೇತಿ, ಕೀಲಿಕೈ ಇಟ್ಕೊಂಡಾಂವ ಮುದ್ದೇಬಾಳಕ್ಕ ಹೋಗ್ಯಾನ ಅಂದ್ರು."

"ಆಮ್ಯಾಲ?"

"ಆಮ್ಯಾಲ ಅವು ಮತ್ತ ಬಂದ್ವು. ಈ ಸಲ ಕೀಲಿಕೈ ಕಳದೈತಿ ಅಂದ್ರು. ಇತ್ತಾಗ ಊರಾಗ ಬ್ಯಾರೆ ಜಗಳ. ಮೊಬೈಲ್‌ನಾಗ ಬಂದೈತಿ ಅಂದ್ರ ಸರ್ಕಾರದವ್ರ ಬರದಾರ, ಅಂದ್ರ ಮಂಜೂರ ಆಗಿರಬೇಕು, ಅಂದ್ರ ರೊಕ್ಕ ಯಾರೋ ತಿಂದಾರ! ನನ್ನ ಕಡೀನೂ ನೋಡಿದ್ರು ಮಂದಿ. ಗ್ರಾಮಸಭಾದಾಗ ಒಬ್ಬರ ಅಂಗಿ ಒಬ್ಬರು ಹಿಡದ್ರು. ಕಾಗದ ತಗಸಿ ನೋಡಿದ್ರ ಮಂಜೂರೂ ಇಲ್ಲ, ರೊಕ್ಕಾನೂ ಇಲ್ಲ, ತಿಂದಾಂವನೂ ಇಲ್ಲ."

"ಮತ್ತ ಇದು?"

"ಅವು ಮತ್ತ ಬರ್ತಾವಂತ ಸುದ್ದಿ ಬಂತ್ರಿ. ಸುಳ್ಳ ಎಷ್ಟ್ ದಿನಾ ಹೇಳೂದು? ಕಡೀಕ ಖೋಲಿ ಮಾಡೂದ ಸಸ್ತಾ ಬಿತ್ತು" ಎಂದು ನೀಲವ್ವ ಕೀಲಿಕೈ ಗೊಂಚಲು ಅಲ್ಲಾಡಿಸಿದರು. "ಈಗ ಎರಡು ಪೇಪರ್ ಬರ್ತಾವ. ತಿಂಗಳಿಗೊಂದು ಮನಿ, ಪಾಳಿ ಮ್ಯಾಲ ಬಿಲ್ ಕಟ್ತೇವಿ. ಈ ತಿಂಗಳ ಅಂಗಡಿಯವನ ಪಾಳಿ, ಅದಕ್ಕ ನಿಮಗ ದ್ವಡ್ಡ ಮಂದಿಗತೆ ದಾರಿ ತೋರ್ಸಿದ."

ಬರೆದವರು ಸರ್ಕಾರದವರಲ್ಲ, ನಮ್ಮಂಥವರೇ ಒಬ್ಬರು, ತಪ್ಪಾಗಿ ಬರೆದಿದ್ದರು ಎಂದು ಹೇಳಿದೆ. ಹೇಳದೆ ಹೋಗುವುದು ಸರಿಯೆನಿಸಲಿಲ್ಲ. ನೀಲವ್ವ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆ ಪುಣ್ಯಾತ್ಮಗ ಹೇಳ್ರಿ, ಆಸ್ಪತ್ರಿ ಐತಿ ಅಂತನೂ ಬರದ್ಬಿಡು ಅಂತ" ಎಂದರು. ಫೋಟೋ ತೆಗೆಸಿದರು, ಬೋರ್ಡು ಪೂರ್ತಿ ಬಂದಿದೆಯೇ ಎಂದು ಪರೀಕ್ಷಿಸಿದರು. ಆದರೆ ಈ ಕೀಲಿಕೈ ಕಥೆ ಊರ ಹೆಸರಿನೊಂದಿಗೆ ಎಲ್ಲೂ ಬರಬಾರದು ಎಂದು ಆಣೆ ಹಾಕಿಸಿಕೊಂಡರು.

ಬಸವನ ಬಾಗೇವಾಡಿಯಲ್ಲಿ ಇಳಿದಾಗ ನಾನು ಒಳ್ಳೆಯ ಹುರುಪಿನಲ್ಲಿದ್ದೆ. ಎರಿಮಣ್ಣಿನ ನಿಜನಾಮ ಸಂಗಪ್ಪ. ಸರ್ಕಾರಿ ಕಚೇರಿಗಳ ಎದುರಿನ ಸಾಲಿನಲ್ಲಿ ಜೆರಾಕ್ಸ್ ಅಂಗಡಿ. ಐವತ್ತು ದಾಟಿದ, ತಲೆ ಎಣ್ಣೆ ಹಚ್ಚಿ ಬಾಚಿದ, ಮೆತ್ತಗೆ ಮಾತಾಡುವ ಮನುಷ್ಯ. "ಬರ್ರಿ ಚಷ್ಮಾ ಅಮ್ಮಾರ" ಎಂದು ಎದ್ದು ನಿಂತರು. ಎಷ್ಟೋ ವರ್ಷ ಪರದೆಯ ಮೇಲೆ ನಮಸ್ಕಾರ ಹೇಳಿಕೊಂಡವರು ಮೊದಲ ಸಲ ಕೈ ಮುಗಿದೆವು.

ಅಂಗಡಿಯ ತುಂಬ ಅರ್ಜಿದಾರರು. ಸಂಗಪ್ಪ ಮೊದಲು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದರಂತೆ, ಈಗ ಕಂಪ್ಯೂಟರ್. ಒಬ್ಬ ರೈತ ಬಂದು ಹೊಲದ ಅಳತೆಗೆ ಅರ್ಜಿ ಬೇಕೆಂದ. ಸಂಗಪ್ಪ ಹಳೆಯ ಅರ್ಜಿಯೊಂದನ್ನು ತೆರೆದು, ಹೆಸರು ಮತ್ತು ಊರು ಬದಲಿಸಿ, ಪ್ರಿಂಟ್ ತೆಗೆದು ಕೊಟ್ಟರು. ಮುಂದಿನವನಿಗೂ ಹಾಗೆಯೇ. ಚಹಾ ಕುಡಿಯುತ್ತ ಇದನ್ನು ನೋಡುತ್ತಿದ್ದ ನನಗೆ, ನೂರಾರು ಊರುಗಳು ಹೇಗೆ ಒಂದೇ ಊರಾದವು ಎಂಬುದು ಯಾರೂ ಹೇಳದೆ ತಿಳಿಯಿತು. ಇಲ್ಲಿ ಅದು ತಪ್ಪೇ ಅಲ್ಲ. ಹೆಸರೊಂದು ಸರಿಯಿದ್ದರೆ ಕಚೇರಿಯಲ್ಲಿ ಅರ್ಜಿ ನಡೆಯುತ್ತದೆ.

ಆ ವಿಷಯ ತೆಗೆಯುವುದಿಲ್ಲ ಎಂದು ಒಪ್ಪಿದ್ದೆನಲ್ಲ. ಮಾತು ಉಳಿಸಿಕೊಂಡೆ, ಒಂದು ಕಪ್ ಚಹಾ ಮುಗಿಯುವವರೆಗೆ. ಆಮೇಲೆ ಫೋನು ಮುಂದೆ ಹಿಡಿದು, "ಸಂಗಪ್ಪಾ, ಈ ವಾಚನಾಲಯ ನೋಡ್ರಿ" ಎಂದು ಊರ ಹೆಸರು ಹೇಳಿದೆ.

"ಆ ಊರಾಗ ಇಲ್ರಿ. ನನ್ನ ಷಡ್ಡಕನ ಊರದು, ನನಗ ಗೊತ್ತೈತಿ."

"ಇದ್ದಿದ್ದಿಲ್ಲ. ಈಗ ಐತಿ. ನೀವು ಬರದಿರಿ ಅಂತ ಮಾಡ್ಯಾರ."

ಕೀಲಿಕೈಯ ಕಥೆ ಪೂರ್ತಿ ಹೇಳಿದೆ. ಸಂಗಪ್ಪ ಫೋನು ಇಸಿದುಕೊಂಡು ಚಿತ್ರವನ್ನು ದೊಡ್ಡದು ಮಾಡಿದರು, ಹಗ್ಗದ ಮೇಲಿನ ಪತ್ರಿಕೆ, ಬೆಂಚು, ಮೂಗಿಗೆ ಪತ್ರಿಕೆ ಹಿಡಿದ ಮುದುಕರು. "ಸಂಗಪ್ಪಣ್ಣಾ, ನನ್ನ ಅರ್ಜಿ?" ಎಂದು ಯಾರೋ ಕರೆದರು. "ತಡಿಯೋ ಮಾರಾಯಾ, ನಿನ್ನ ಹೊಲ ಎಲ್ಲೂ ಓಡಿ ಹೋಗೂದಿಲ್ಲ" ಎಂದರು, ತಲೆ ಎತ್ತದೆ.

ಆಮೇಲೆ ತಾವೇ ಮಾತು ತೆಗೆದರು. ಗೊಳಸಂಗಿಯ ಆಚೆ ಅವರ ಹುಟ್ಟೂರು, ಸಣ್ಣ ಹಳ್ಳಿ. ಬೇವಿನ ಕಟ್ಟೆ, ಜೋಡಿ ಬಾವಿ, ವಾಚನಾಲಯ ಎಲ್ಲ ಅಲ್ಲಿಯದು. ಓದಲು ಬಾರದವರಿಗಾಗಿ ಸಂಜೆ ಒಬ್ಬರು ಜೋರಾಗಿ ಪತ್ರಿಕೆ ಓದಬೇಕಿತ್ತಂತೆ. ಕೆಲವು ವರ್ಷ ಆ ಕೆಲಸ ಇವರದೇ. "ಹೊರದೇಶದಾಗ ಹತ್ತ ಮನಿ ಹಳ್ಳಿಗೂ ಪುಟ ಐತ್ರಿ. ನಮ್ಮವು ಒಂದೂ ಇಲ್ಲ. ಹೆಸರರ ಇರಲಿ ಅಂತ ಶುರು ಮಾಡಿದ್ನಿ. ಮೊದಲ ನಮ್ಮೂರ ಬರದ್ನಿ. ಊರಂದ್ರ ವಾಚನಾಲಯ ಇದ್ದ ಇರ್ತೈತಿ ಅಂತ ತಿಳದು ಉಳದವಕ್ಕೂ ಅದನ್ನ ಹಾಕಿದ್ನಿ. ಎಲ್ಲಾ ಸುಳ್ಳಾತು. ನಮ್ಮೂರದೊಂದು ಖರೇ ಐತಿ ಬಿಡ್ರಿ."

"ಹಂಗಾದ್ರ ಅದನ್ನ ತೋರಸ್ರಿ. ಅದೂ ಇದೇ ತಾಲೂಕಲ್ಲ? ಫೋಟೋ ಹಾಕೂಣು."

ತಾಯಿ ಹೋದ ಮೇಲೆ ಆ ಕಡೆ ಹೋಗಿಲ್ಲ ಎಂದು ಹಿಂಜರಿದರು. ನಾನು ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತೆ. ಮುದುಕಿಯೊಬ್ಬಳನ್ನು ಒಬ್ಬಳೇ ಕಳಿಸಲಾಗದೆ ಅಂಗಡಿಯ ಷಟರ್ ಎಳೆದರು. ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್, ಅವರಿಗೆ ದುಡ್ಡಿನದು. "ಬರೀ ಹೆಣ್ಮಕ್ಕಳ ಕಾಲ ಬಂತ್ರಿ" ಎಂದು ಮೊದಲ ಸಲ ನಕ್ಕರು. ಗೊಳಸಂಗಿಯಲ್ಲಿ ಇಳಿದು, ಮಿರ್ಚಿ ಭಜಿ ಕಟ್ಟಿಸಿಕೊಂಡು, ಟಂಟಂ ಹತ್ತಿದೆವು.

ಊರಿನಲ್ಲಿ ಕಟ್ಟೆ ಇತ್ತು. ಎರಡೂ ಬಾವಿ ಇದ್ದವು. ಎರಡರ ನೀರನ್ನೂ ಕುಡಿಸಿದರು, ಒಂದು ನಿಜಕ್ಕೂ ಸವಳು. ಸಂಗಪ್ಪನವರ ಹೆಜ್ಜೆ ಚುರುಕಾಯಿತು. ಗುಡಿಯ ಹಿಂದಿನ ಓಣಿಗೆ ಹೊರಳಿದವರು ಅಲ್ಲೇ ನಿಂತರು. ವಾಚನಾಲಯದ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಸಿಮೆಂಟ್ ಚೀಲಗಳು, ನೀರಿನ ಪೈಪುಗಳು. ಗೋಡೆಗೆ ಪತ್ರಿಕೆಯ ಹಗ್ಗ ಕಟ್ಟುವ ಮೊಳೆ ಮಾತ್ರ ಉಳಿದಿತ್ತು.

ಅಲ್ಲಿ ಎಮ್ಮೆ ಕಟ್ಟುತ್ತಿದ್ದ ಒಬ್ಬರು ಗುರುತು ಹಿಡಿದು ಹತ್ತಿರ ಬಂದರು. "ಯಾವ ಕಾಲದ ಮಾತು ತಗೀತಿ ಸಂಗಣ್ಣಾ? ನೀ ಓದೂದ ಬಿಟ್ಟ ಹೋದಿ, ಕೇಳಾವ್ರು ಸತ್ತ ಹೋದ್ರು. ಪೇಪರ್ ಯಾರಿಗೆ ತರಸೂದು?"

ಸಂಗಪ್ಪ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದರು. ಕ್ಯಾಮರಾ ತೆಗೆಯಲು ನನಗೆ ಕೈ ಬರಲಿಲ್ಲ. ಅವರ ಪಾಲಿಗೆ ಉಳಿದಿದ್ದ ಒಂದೇ ನಿಜವನ್ನೂ ನಾನೇ ಕರೆದುಕೊಂಡು ಬಂದು ಕಿತ್ತುಕೊಂಡಂತೆ ಆಯಿತಲ್ಲ. ಟಂಟಂ ಹತ್ತಿ ಮರಳಿ ಗೊಳಸಂಗಿಗೆ ಬಂದೆವು. ಭಜಿಯ ಪೊಟ್ಟಣ ಹಾಗೇ ತಣ್ಣಗಾಯಿತು.

ನನ್ನ ಬಸ್ಸು ಬಂತು. ಸಂಗಪ್ಪ ಚೀಲ ಎತ್ತಿ ಕೊಟ್ಟು, ಕಿಟಕಿಯ ಕೆಳಗೆ ಬಂದು ನಿಂತರು. ವಿದಾಯಕ್ಕೆ ಏನು ಹೇಳಬೇಕೆಂದು ನಾನು ಹುಡುಕುತ್ತಿದ್ದೆ.

"ಅಲ್ಲಿ ಎಷ್ಟ್ ಪೇಪರ್ ಬರ್ತಾವಂದ್ರಿ, ನನ್ನ ಷಡ್ಡಕನ ಊರಾಗ?"

"ಎರಡು."

"ಬಿಲ್ ಯಾರ ಕಟ್ತಾರ?"

"ಪಾಳಿ ಮ್ಯಾಲ. ತಿಂಗಳಿಗೊಂದು ಮನಿ."

"ಹೂಂ" ಎಂದರು. ಬಸ್ಸು ಹೊರಟಿತು.

ಕೃಷ್ಣೆಯನ್ನು ದಾಟುವಾಗ ಹೊತ್ತು ಇಳಿಯುತ್ತಿತ್ತು. ಹಿಂತಿರುಗಿ ನೋಡಿದರೆ ಆ ದಂಡೆಯ ಎರೆ ನೆಲ ನೀರಿಗಿಂತ ಕಪ್ಪಗೆ ಕಂಡಿತು. ಸೇತುವೆ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಬಂತು. ಅರಳಿಕಟ್ಟೆಯಲ್ಲಿ ಗರಗಸರು, ನಾನು ಕಳಿಸಿದ ನಿಂಬೆ ತೋಟವನ್ನೂ ನೀಲಿ ಬೋರ್ಡನ್ನೂ ನೋಡಿ, 'ಅಳಿಸುವ ಪ್ರಸ್ತಾಪವನ್ನು ಮಳೆಗಾಲ ಮುಗಿಯುವವರೆಗೆ ಹಿಂದಕ್ಕೆ ಪಡೆದಿದ್ದೇನೆ. ಒಂದೊಂದು ತಾಲೂಕು ಯಾರು ಹೊರುತ್ತೀರಿ, ಹೇಳಿ' ಎಂದು ಬರೆದಿದ್ದರು. ಸಿಂದಗಿಗೆ ಆಗಲೇ ಒಂದು ಹೊಸ ಹೆಸರು ಬಂದಿತ್ತು: 'ಕನ್ನೊಳ್ಳಿ ಮಹಾದೇವಿ'. ಬಾಗೇವಾಡಿಯ ಮುಂದೆ ಖಾಲಿ ಇತ್ತು. ಎಲ್ಲರಿಗಿಂತ ಮೊದಲು ಅಲ್ಲಿ ಇರಬೇಕಾದ ಹೆಸರು ಇರಲಿಲ್ಲ.

ನಾನು ಕಣ್ಣಿಟ್ಟು ಗಮನಿಸುವ ಪುಟಗಳ ಪಟ್ಟಿಯೊಂದಿದೆ. ಅವುಗಳಲ್ಲಿ ಯಾವುದು ಬದಲಾದರೂ ನನಗೆ ತಿಳಿಯುತ್ತದೆ. ಬಾಗಲಕೋಟೆಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅದನ್ನು ತೆರೆದೆ. ಮೇಲ್ಗಡೆಯೇ ಒಂದು ಬದಲಾವಣೆ ಇತ್ತು. ಗೊಳಸಂಗಿಯ ಆಚೆಯ ಆ ಸಣ್ಣ ಊರಿನ ಪುಟ. ಬಾವಿ ಇದ್ದವು, ಕಟ್ಟೆ ಇತ್ತು, ಜೋಳ ಇತ್ತು. ವಾಚನಾಲಯದ ವಾಕ್ಯವನ್ನು ಯಾರೋ ತೆಗೆದಿದ್ದರು. ಇತಿಹಾಸ ತೆರೆದು, ಚಷ್ಮಾ ಒರೆಸಿಕೊಂಡು ಓದಿದೆ. ತೆಗೆದವರು: ಎರಿಮಣ್ಣು. ಕಾರಣದ ಜಾಗದಲ್ಲಿ ಹೀಗಿತ್ತು:

'ಈಗ ಇಲ್ಲ. ಆದ ದಿನ ಸೇರಿಸುತ್ತೇನೆ, ಫೋಟೋ ಸಮೇತ.'